ಬಫರ್ ಬಿಜಿ ವೇಟ್ಸ್: ಬ್ಲಾಕನ್ನು ಹಿಡಿದು ಕುಳಿತವರು ಯಾರು?

ಒರಾಕಲ್ ಡೇಟಾಬೇಸಿನ ಕಾರ್ಯಕ್ಷಮತೆಯನ್ನು ಅವಧಿವಾರು ತೋರಿಸುವ ಎಡಬ್ಲ್ಯೂಆರ್ ವರದಿಯಲ್ಲಿ ‘ಬಫರ್ ಬಿಜಿ ವೇಟ್ಸ್’ ಮೇಲಿನ ಸಾಲುಗಳಿಗೆ ಏರಿದೊಡನೆ, ಡಿಸ್ಕಿನಿಂದ ಓದಿದ ದತ್ತಾಂಶದ ತುಣುಕುಗಳನ್ನು (ಬ್ಲಾಕುಗಳನ್ನು) ಇಟ್ಟುಕೊಳ್ಳುವ ಮೆಮೊರಿಯಾದ ಬಫರ್ ಕ್ಯಾಶನ್ನು ಹಿಗ್ಗಿಸಬೇಕೆಂಬ ಸಲಹೆ ಬಹಳಷ್ಟು ತಂಡಗಳಲ್ಲಿ ಮೊದಲು ಕೇಳಿಬರುತ್ತದೆ. ಈ ಸಲಹೆಯಿಂದ ಖರ್ಚು ಹೆಚ್ಚುತ್ತದೆಯೇ ಹೊರತು ಕಾಯುವಿಕೆ ತಗ್ಗುವುದಿಲ್ಲ. ಏಕೆಂದರೆ ಬೇಕಾದ ಬ್ಲಾಕ್ ಆಗಲೇ ಮೆಮೊರಿಯಲ್ಲಿದ್ದು, ಇನ್ನೊಂದು ಸೆಷನ್ (ಡೇಟಾಬೇಸಿಗೆ ಬಂದ ಒಂದು ಸಂಪರ್ಕ) ಅದನ್ನು ಬದಲಿಸುವುದಕ್ಕೆಂದು ಪಿನ್ ಮಾಡಿ, ಅಂದರೆ ಬೇರೆಯವರು ಮುಟ್ಟದಂತೆ, ಹಿಡಿದಿರುವಾಗ ಈ ಕಾಯುವಿಕೆ ಹುಟ್ಟುತ್ತದೆ. 8 ಕಿಲೋಬೈಟಿನ ಒಂದೇ ಬ್ಲಾಕಿಗೆ ಹತ್ತಾರು ಸೆಷನ್‌ಗಳು ಮುಗಿಬಿದ್ದಾಗ ಉಳಿದ ಮೆಮೊರಿ ಎಷ್ಟಿದ್ದರೂ ಅಷ್ಟೆ. ಇನ್ನೊಂದು ಸೆಷನ್ ಬ್ಲಾಕನ್ನು ಡಿಸ್ಕಿನಿಂದ ಓದಿ ಮುಗಿಸಲೆಂದು ಕಾಯುವ ಸಂದರ್ಭವನ್ನು 10ಜಿ ಆವೃತ್ತಿಯಿಂದ ‘ರೀಡ್ ಬೈ ಅದರ್ ಸೆಷನ್’ ಎಂದು ಪ್ರತ್ಯೇಕವಾಗಿ ತೋರಿಸಲಾಗುತ್ತಿದೆ. ದೊಡ್ಡ ಕ್ಯಾಶಿನಿಂದ ಏನಾದರೂ ಪ್ರಯೋಜನ ಆಗುವುದಿದ್ದರೆ ಅಲ್ಲಿ.

ಮೊದಲು ತಿಳಿಯಬೇಕಾದದ್ದು ಬ್ಲಾಕ್ ಯಾವ ವರ್ಗದ್ದು ಎಂಬುದನ್ನು. ವಿ$ವೇಟ್‌ಸ್ಟ್ಯಾಟ್ ಎಂಬ ಒಳ ಅಂಕಿ-ಅಂಶದ ಪಟ್ಟಿ ವರ್ಗವಾರು ಲೆಕ್ಕ ಕೊಡುತ್ತದೆ. ಆದರೆ ಅದು ಇನ್‌ಸ್ಟನ್ಸ್ (ಓಡುತ್ತಿರುವ ಡೇಟಾಬೇಸ್ ವ್ಯವಸ್ಥೆ) ಆರಂಭವಾದಾಗಿನಿಂದ ಕೂಡುತ್ತ ಬಂದ ಮೊತ್ತವಾದ್ದರಿಂದ, ತೊಂದರೆಯಿದ್ದ ಅವಧಿಯ ಎರಡು ತುದಿಗಳ ವ್ಯತ್ಯಾಸವನ್ನೇ ನೋಡಬೇಕು. ಕಾಯುತ್ತಿರುವ ಸೆಷನ್ನಿನ ವಿವರದಲ್ಲಿ ಪಿ1 ಎಂಬ ಮೌಲ್ಯ ಫೈಲಿನ ಸಂಖ್ಯೆಯನ್ನೂ ಪಿ2 ಬ್ಲಾಕಿನ ಸಂಖ್ಯೆಯನ್ನೂ ಪಿ3 ವರ್ಗವನ್ನೂ ಹೇಳುತ್ತವೆ. ವರ್ಗ 4, ಅಂದರೆ ಸೆಗ್ಮೆಂಟಿನ (ಒಂದು ಟೇಬಲ್ಲಿನ ಅಥವಾ ಇಂಡೆಕ್ಸಿನ ಜಾಗದ) ಹೆಡರ್, ಎದ್ದು ಕಂಡರೆ ಫ್ರೀಲಿಸ್ಟ್ (ಜಾಗವಿರುವ ಬ್ಲಾಕುಗಳ ಪಟ್ಟಿ) ಮೂಲಕ ಜಾಗ ನಿರ್ವಹಿಸುವ ಹಳೆಯ ಟೇಬಲ್‌ಸ್ಪೇಸ್ ಉಳಿದುಕೊಂಡಿದೆಯೇ ಎಂದು ನೋಡುವುದು ಒಳಿತು. 9ಐ ಆವೃತ್ತಿಯಲ್ಲಿ ಬಂದ ಸ್ವಯಂಚಾಲಿತ ಸೆಗ್ಮೆಂಟ್ ಜಾಗ ನಿರ್ವಹಣೆಗೆ ಬದಲಾಯಿಸಿದರೆ ಆ ತೊಡಕು ಸಾಮಾನ್ಯವಾಗಿ ನೀಗುತ್ತದೆ. ಬದಲಾವಣೆ ಹಿಂತೆಗೆಯಲು ಇಡುವ ಹಳೆಯ ಮಾಹಿತಿಯ, ಅಂದರೆ ಅಂಡೂವಿನ, ಹೆಡರ್ ಮೇಲಿನ ಪೈಪೋಟಿ ಸ್ವಯಂಚಾಲಿತ ಅಂಡೂ ಇರುವ ಕಡೆ ಈಗ ಅಪರೂಪ.

ಉಳಿದದ್ದು ವರ್ಗ 1, ಡೇಟಾ ಬ್ಲಾಕ್. ಟೇಬಲ್ಲಿನ ಬ್ಲಾಕುಗಳೂ ಇಂಡೆಕ್ಸಿನ ಬ್ಲಾಕುಗಳೂ ಇದರಲ್ಲೇ ಸೇರುವುದರಿಂದ ಯಾವ ಸೆಗ್ಮೆಂಟ್ ಎಂಬುದನ್ನು ವಿ$ಸೆಗ್ಮೆಂಟ್_ಸ್ಟ್ಯಾಟಿಸ್ಟಿಕ್ಸ್‌ನಿಂದ ಅಥವಾ, ಡಯಾಗ್ನೋಸ್ಟಿಕ್ಸ್ ಪ್ಯಾಕ್ ಪರವಾನಗಿ ಇದ್ದಲ್ಲಿ, ಸೆಕೆಂಡಿಗೊಮ್ಮೆ ಸಕ್ರಿಯ ಸೆಷನ್‌ಗಳ ಮಾದರಿ ತೆಗೆಯುವ ಆ್ಯಕ್ಟಿವ್ ಸೆಷನ್ ಹಿಸ್ಟರಿಯಿಂದ ಖಚಿತಪಡಿಸಿಕೊಳ್ಳಬೇಕು. ನನ್ನ ಬಳಿ ಬರುವ ಪ್ರಕರಣಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ಏರುತ್ತ ಹೋಗುವ ಸಂಖ್ಯೆ ಕೊಡುವ ಸೀಕ್ವೆನ್ಸಿನಿಂದ ಸಂಖ್ಯೆ ಪಡೆಯುವ ಪ್ರೈಮರಿ ಕೀ (ಪ್ರತಿ ಸಾಲಿನ ವಿಶಿಷ್ಟ ಗುರುತು), ಅದರ ಮೇಲೊಂದು ಇಂಡೆಕ್ಸ್, ಮತ್ತು ಏಕಕಾಲದಲ್ಲಿ ಸಾಲು ಸೇರಿಸುವ ನೂರಾರು ಸೆಷನ್‌ಗಳು. ಹೊಸ ಸಂಖ್ಯೆ ಯಾವಾಗಲೂ ಹಿಂದಿನದಕ್ಕಿಂತ ದೊಡ್ಡದಾದ್ದರಿಂದ ಎಲ್ಲ ಸೆಷನ್‌ಗಳೂ ಇಂಡೆಕ್ಸಿನ ಬಲತುದಿಯ ಒಂದೇ ಲೀಫ್ (ಕೀಗಳಿರುವ ಕೆಳಹಂತದ) ಬ್ಲಾಕಿಗೆ ಬಂದು ಸೇರುತ್ತವೆ. ಆ ಬ್ಲಾಕ್ ತುಂಬಿ ಒಡೆಯುವಾಗ ‘ಟಿಎಕ್ಸ್ ಇಂಡೆಕ್ಸ್ ಕಂಟೆನ್ಷನ್’ ಎಂಬ ಇನ್ನೊಂದು ಕಾಯುವಿಕೆಯೂ ಜೊತೆಗೂಡುತ್ತದೆ. ಇವೆರಡೂ ಒಟ್ಟಿಗೆ ಕಂಡರೆ ನಾನು ಬೇರೆ ಕಡೆ ಹುಡುಕುವುದಕ್ಕೆ ಮೊದಲು ಇಂಡೆಕ್ಸನ್ನೇ ನೋಡುತ್ತೇನೆ.

ಇದಕ್ಕೆ ರಿವರ್ಸ್ ಕೀ ಇಂಡೆಕ್ಸ್ ಸುಲಭದ ಮದ್ದೆಂದು ಹಲವರು ಬರೆದುಕೊಡುತ್ತಾರೆ. ಕೀಯ ಬೈಟುಗಳು ತಿರುವುಮುರುವಾಗಿ ಸಾಲುಗಳು ಚದುರುವುದೇನೋ ನಿಜ, ಆದರೆ ‘ಇಂತಿಷ್ಟರಿಂದ ಇಂತಿಷ್ಟರವರೆಗೆ’ ಎಂದು ಹುಡುಕುವ ಪ್ರಶ್ನೆಗಳಿಗೆ ಆ ಇಂಡೆಕ್ಸ್ ಆಮೇಲೆ ಕೆಲಸಕ್ಕೆ ಬರುವುದಿಲ್ಲ. ಇಂಡೆಕ್ಸ್ ದೊಡ್ಡದಾಗಿದ್ದರೆ ಅದರ ಅಷ್ಟೂ ಬ್ಲಾಕುಗಳು ಕ್ಯಾಶಿನಲ್ಲಿ ಇರಬೇಕಾಗಿ ಬಂದು ಡಿಸ್ಕ್ ಓದುವಿಕೆ ಏರುತ್ತದೆ. ಪಾರ್ಟಿಷನಿಂಗ್ ಪರವಾನಗಿ ಇರುವ ಕಡೆ ಹ್ಯಾಶ್ ಪಾರ್ಟಿಷನ್ ಮಾಡಿದ, ಅಂದರೆ ಕೀಯ ಲೆಕ್ಕದ ಮೇಲೆ ಹಲವು ತುಂಡುಗಳಾಗಿ ಹಂಚಿದ, ಗ್ಲೋಬಲ್ ಇಂಡೆಕ್ಸನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಒಂದು ಬಲತುದಿಯ ಬದಲು ಹದಿನಾರೋ ಮೂವತ್ತೆರಡೋ ಬಲತುದಿಗಳು ಸಿಗುತ್ತವೆ. 18ಸಿ ಆವೃತ್ತಿಯಿಂದ ಸ್ಕೇಲಬಲ್ ಸೀಕ್ವೆನ್ಸ್ ಎಂಬ ದಾರಿಯೂ ಇದೆ. ಅದು ಇನ್‌ಸ್ಟನ್ಸ್ ಮತ್ತು ಸೆಷನ್ನಿನ ಗುರುತನ್ನು ಸಂಖ್ಯೆಯ ಮುಂದೆ ಸೇರಿಸುವುದರಿಂದ ಸಂಖ್ಯೆ ಉದ್ದವಾಗುತ್ತದೆ, ಅನುಕ್ರಮವೂ ತಪ್ಪುತ್ತದೆ. ಬ್ಲಾಕಿನಲ್ಲಿ ಮೊದಲೇ ಕಾಯ್ದಿಡುವ ಟ್ರಾನ್ಸಾಕ್ಷನ್ ಸ್ಥಾನಗಳ ಸಂಖ್ಯೆಯಾದ ಇನಿಟ್ರಾನ್ಸ್ ಏರಿಸುವುದು ಈ ಕಾಯಿಲೆಯ ಔಷಧವಲ್ಲ. ಅದು ಬ್ಲಾಕಿನಲ್ಲಿ ಟ್ರಾನ್ಸಾಕ್ಷನ್ ಸ್ಥಾನ ಸಾಲದೆ ಕಾಯುವ ಬೇರೆಯೇ ತೊಂದರೆಗೆ ಸಂಬಂಧಿಸಿದ್ದು.

ಇಂಡೆಕ್ಸನ್ನು ಬದಲಾಯಿಸಹೊರಡುವ ಮೊದಲು ಸರಾಸರಿ ಕಾಯುವ ಸಮಯವನ್ನು ಗಮನಿಸಬೇಕು. ಬ್ಲಾಕನ್ನು ಪಿನ್ ಮಾಡಿ ಹಿಡಿದಿರುವ ಅವಧಿ ಸಾಮಾನ್ಯವಾಗಿ ಮೈಕ್ರೊಸೆಕೆಂಡುಗಳ ಲೆಕ್ಕದ್ದು. ಕಾಯುವಿಕೆ ನೂರಾರು ಮಿಲಿಸೆಕೆಂಡುಗಳಿಗೆ, ಸೆಕೆಂಡುಗಳಿಗೆ ಹಿಗ್ಗಿದ್ದರೆ, ಹಿಡಿದವರೇ ಇನ್ನೆಲ್ಲೋ ಸಿಕ್ಕಿಕೊಂಡಿದ್ದಾರೆಂದು ಅನುಮಾನಿಸಬೇಕು. ವಿ$ಸೆಷನ್‌ನಲ್ಲಿ 11ಜಿಯ ಎರಡನೆಯ ಬಿಡುಗಡೆಯಿಂದ ಇರುವ ಫೈನಲ್_ಬ್ಲಾಕಿಂಗ್_ಸೆಷನ್ ಕಾಲಂ ಸರಪಳಿಯ ಕೊನೆಯ ಕೊಂಡಿಯನ್ನು ತೋರಿಸುತ್ತದೆ. ಅಲ್ಲಿರುವ ಸೆಷನ್ ಯಾವುದಕ್ಕಾಗಿ ಕಾಯುತ್ತಿದೆ ಎಂಬುದೇ ಬಹುಮಟ್ಟಿಗೆ ನಿಜವಾದ ಕಾರಣ. ಬ್ಲಾಕನ್ನು ಹಿಡಿದುಕೊಂಡೇ ರೀಡೂ (ಬದಲಾವಣೆಗಳ ದಾಖಲೆ) ಬರೆಯಹೊರಟ ಸೆಷನ್ನು, ಚೆಕ್‌ಪಾಯಿಂಟ್ (ಬದಲಾದ ಬ್ಲಾಕುಗಳನ್ನು ಡಿಸ್ಕಿಗೆ ಇಳಿಸುವ ಕೆಲಸ) ಮುಗಿಯದ ಕಾರಣ ಮುಂದಿನ ಫೈಲಿಗೆ ಲಾಗ್ ಫೈಲ್ ಸ್ವಿಚ್ ಆಗದೆ ನಿಂತುಬಿಟ್ಟರೆ, ಅದೇ ಬ್ಲಾಕ್ ಬೇಕಾದವರೆಲ್ಲ ಬಫರ್ ಬಿಜಿ ವೇಟ್ಸ್ ಹೆಸರಿನಡಿ ಸಾಲುಗಟ್ಟುತ್ತಾರೆ. ಹಾಗಾದಾಗ ಇಂಡೆಕ್ಸಿಗೆ ಕೈ ಹಚ್ಚುವ ಅಗತ್ಯವಿಲ್ಲ. ರೀಡೂ ಲಾಗ್ ಫೈಲುಗಳ ಗಾತ್ರವನ್ನೂ ಗುಂಪುಗಳನ್ನೂ ಹೆಚ್ಚಿಸಿ, ಬ್ಲಾಕುಗಳನ್ನು ಡಿಸ್ಕಿಗೆ ಇಳಿಸುವ ಡಿಬಿ ರೈಟರ್ ಬರೆಯುವ ವೇಗವನ್ನು ಪರಿಶೀಲಿಸಬೇಕು.