ಕೆಟ್ಟಿರುವುದು ಎಂಜಿನ್ನೋ, ಸೆನ್ಸರೋ?

1985ರ ಜುಲೈ 29ರಂದು ಏಳು ಮಂದಿಯನ್ನು ಹೊತ್ತು ಫ್ಲಾರಿಡಾದಿಂದ ಮೇಲೇರಿದ ಚಾಲೆಂಜರ್ ಎಂಬ ಬಾಹ್ಯಾಕಾಶ ಷಟಲ್ ನೌಕೆಯ ಮೂರು ಎಂಜಿನ್‌ಗಳಲ್ಲಿ ನಡುವಿನದು, ಹಾರಾಟದ 5 ನಿಮಿಷ 45ನೇ ಸೆಕೆಂಡಿನಲ್ಲಿ ನಿಂತುಹೋಯಿತು. ನಿಲ್ಲಿಸಿದ್ದು ಆ ಎಂಜಿನ್ನಿನ ಮೈಮೇಲೆಯೇ ಕೂರಿಸಿದ್ದ ನಿಯಂತ್ರಕ ಕಂಪ್ಯೂಟರ್. ಇಂಧನವನ್ನು ಎಂಜಿನ್ನಿಗೆ ನೂಕುವ ಟರ್ಬೊಪಂಪಿನ ಟರ್ಬೈನನ್ನು ತಿರುಗಿಸಿ ಹೊರಬೀಳುವ ಅನಿಲದ ತಾಪಮಾನ ಮಿತಿ ಮೀರಿದೆ ಎಂದು ಅದು ತಿಳಿದಿತ್ತು. ಆದರೆ ಟರ್ಬೊಪಂಪಿಗೆ ಏನೂ ಆಗಿರಲಿಲ್ಲ, ಕೆಟ್ಟಿದ್ದವು ತಾಪಮಾನ ಅಳೆಯುವ ಸೆನ್ಸರ್‌ಗಳು. ಸ್ವಲ್ಪ ಹೊತ್ತಿನಲ್ಲಿ ಬಲಬದಿಯ ಎಂಜಿನ್ನಿನಲ್ಲೂ ಅದೇ ಬಗೆಯ ಸೆನ್ಸರ್ ತಪ್ಪು ಅಂಕಿ ತೋರಿಸತೊಡಗಿತು. ಆಗ ಹ್ಯೂಸ್ಟನ್ನಿನ ನಿಯಂತ್ರಣ ಕೊಠಡಿಯಲ್ಲಿದ್ದ ಎಂಜಿನಿಯರ್ ಜೆನ್ನಿ ಹೋವರ್ಡ್, ಮಿತಿ ಮೀರಿದರೆ ತಾನಾಗಿ ನಿಲ್ಲಿಸುವ ಆ ವ್ಯವಸ್ಥೆಯನ್ನೇ ತಡೆಹಿಡಿಯುವಂತೆ ಸೂಚಿಸಿದರು. ಎರಡು ಎಂಜಿನ್‌ಗಳ ಬಲದಲ್ಲೇ ನೌಕೆ ಉದ್ದೇಶಿತ ಎತ್ತರಕ್ಕಿಂತ ಕೆಳಗಿನ ಕಕ್ಷೆಯನ್ನು ಸೇರಿತು.

ಇದೇ ಯಾನದ ಮೊದಲ ಪ್ರಯತ್ನದಲ್ಲಿ, ಅಂದರೆ ಜುಲೈ 12ರಂದು, ಉಡಾವಣೆಗೆ 3 ಸೆಕೆಂಡು ಇರುವಾಗ ಒಂದು ಎಂಜಿನ್ನಿನ ಶೀತಲೀಕರಣ ಕವಾಟ ಸರಿಯಾಗಿ ಕೆಲಸ ಮಾಡದಿದ್ದುದನ್ನು ಗುರುತಿಸಿ, ಇದೇ ವ್ಯವಸ್ಥೆ ಮೂರೂ ಎಂಜಿನ್‌ಗಳನ್ನು ಸರಿಯಾಗಿಯೇ ನಿಲ್ಲಿಸಿತ್ತು. ಹದಿನೇಳು ದಿನಗಳ ಅಂತರದಲ್ಲಿ ಒಮ್ಮೆ ಸರಿ, ಒಮ್ಮೆ ತಪ್ಪು. ಎರಡು ಸಲವೂ ಅದು ತನಗೆ ಹೇಳಿಕೊಟ್ಟ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿತ್ತು. ದ್ರವ ಇಂಧನದ ರಾಕೆಟ್ ಎಂಜಿನ್‌ಗಳ ನಿಯಂತ್ರಣದಲ್ಲಿ 'ಬುದ್ಧಿವಂತಿಕೆ' ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಈ ಯಾನ.

ಕೆಲಸ ಎಷ್ಟು ಕಠಿಣ ಎಂಬುದನ್ನೂ ಹೇಳಬೇಕು. ಆ ಎಂಜಿನ್ನಿನೊಳಗೆ ಮೈನಸ್ 253 ಡಿಗ್ರಿಯ ದ್ರವ ಜಲಜನಕ ಬರುತ್ತದೆ, ಕೈಯಳತೆಯ ದೂರದಲ್ಲೇ ಸುಮಾರು 3,300 ಡಿಗ್ರಿಯ ದಹನ ನಡೆಯುತ್ತದೆ. ಇಂಧನ ಪಂಪು ನಿಮಿಷಕ್ಕೆ ಸುಮಾರು 35,000 ಸುತ್ತು ತಿರುಗುತ್ತದೆ. ನಿಯಂತ್ರಕವು ಸೆಕೆಂಡಿಗೆ 50 ಬಾರಿ ಸೆನ್ಸರ್‌ಗಳನ್ನು ಓದಿ, ಐದು ಮುಖ್ಯ ಕವಾಟಗಳನ್ನು ಎಷ್ಟು ತೆರೆಯಬೇಕೆಂದು ತೀರ್ಮಾನಿಸುತ್ತದೆ. ಹೊತ್ತಿಸುವಾಗಿನ ಮೊದಲ ಎರಡು ಸೆಕೆಂಡುಗಳಲ್ಲಂತೂ ಒತ್ತಡವನ್ನು ಅಳೆದು ತಿದ್ದಿಕೊಳ್ಳಲು ಅವಕಾಶವೇ ಇರುವುದಿಲ್ಲ. ಮೊದಲೇ ಬರೆದಿಟ್ಟ ವೇಳಾಪಟ್ಟಿಯಂತೆ ಕವಾಟಗಳು ತೆರೆದುಕೊಳ್ಳಬೇಕು.

ಹಾಗಾದರೆ ಸುಳ್ಳು ಹೇಳುವ ಸೆನ್ಸರನ್ನು ಹಿಡಿಯುವುದು ಹೇಗೆ? ಒಂದರ ಬದಲು ಎರಡು ಸೆನ್ಸರ್ ಇಡುವುದು ಹಳೆಯ ಉಪಾಯ, ಆದರೆ ಎರಡೂ ಒಂದೇ ತಯಾರಿಕೆಯವಾದರೆ ಎರಡೂ ಒಂದೇ ರೀತಿಯಲ್ಲಿ ಕೆಡುತ್ತವೆ. ಅದಕ್ಕಿಂತ ಗಟ್ಟಿಯಾದ ದಾರಿಯೆಂದರೆ ಎಂಜಿನ್ನಿನ ಭೌತಶಾಸ್ತ್ರವನ್ನೇ ಸಾಕ್ಷಿಗೆ ಕರೆಯುವುದು. ಟರ್ಬೈನಿನ ಅನಿಲ ನಿಜವಾಗಿಯೂ ನೂರಾರು ಡಿಗ್ರಿ ಏರಿದ್ದರೆ ಪಂಪಿನ ವೇಗ ಬದಲಾಗಿರಬೇಕು, ಪಂಪು ಹೊರಹಾಕುವ ದ್ರವದ ಒತ್ತಡ ಬದಲಾಗಿರಬೇಕು, ಇಲ್ಲವೇ ಅವನ್ನು ಹಿಡಿದಿಡಲು ಕವಾಟವಾದರೂ ಕದಲಿರಬೇಕು. ಇವೆಲ್ಲ ಇದ್ದ ಜಾಗದಲ್ಲೇ ಇದ್ದು ತಾಪಮಾನದ ಗೆರೆಯೊಂದೇ ಮೇಲಕ್ಕೆ ಜಿಗಿದಿದ್ದರೆ ಅನುಮಾನಿಸಬೇಕಾದದ್ದು ಸೆನ್ಸರನ್ನು. ಪರೀಕ್ಷೆಯ ನಂತರ ಗ್ರಾಫ್ ಹರಡಿಕೊಂಡು ಕುಳಿತಾಗ ಇದು ಕಣ್ಣಿಗೇ ಕಾಣುತ್ತದೆ. ಬಿಸಿಯಾಗುವ ಲೋಹದ ಗೆರೆ ಬಾಗಿಕೊಂಡು ಏರುತ್ತದೆ, ಸೆನ್ಸರಿನ ತಂತಿ ತುಂಡಾದಾಗಿನ ಗೆರೆ ಒಂದೇ ಓದಿನಲ್ಲಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಆದರೆ ನಿಧಾನವಾಗಿ ದಾರಿ ತಪ್ಪುವ ಸೆನ್ಸರ್ ಹೀಗೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಎಂಜಿನ್ನಿನ ಗಣಿತ ಮಾದರಿಯನ್ನು ನಿಯಂತ್ರಕದೊಳಗೇ ಓಡಿಸಿ, ಅಳತೆಗೂ ಲೆಕ್ಕಕ್ಕೂ ನಡುವಿನ ಅಂತರವನ್ನು ಕ್ಷಣಕ್ಷಣವೂ ಗಮನಿಸುವುದು ಅದಕ್ಕಾಗಿಯೇ.

ಚಾಲೆಂಜರಿನ ಪ್ರಸಂಗಕ್ಕೆ ತದ್ವಿರುದ್ಧವಾದ ಪ್ರಕರಣ 1999ರ ಜುಲೈ 23ರದು. 'ಚಂದ್ರಾ' ಎಂಬ ಎಕ್ಸ್-ರೇ ವೀಕ್ಷಣಾಲಯವನ್ನು ಹೊತ್ತ ಕೊಲಂಬಿಯಾ ಷಟಲ್ ನೌಕೆಯ ಬಲ ಎಂಜಿನ್ ಹೊತ್ತಿಕೊಳ್ಳುವಾಗ, ಒಳಗಿದ್ದ ಒಂದು ಸಣ್ಣ ಪಿನ್ನು ಕಿತ್ತುಬಂದು ನಳಿಕೆಯ ಗೋಡೆಗೆ ಬಡಿದು, ಜಲಜನಕ ಹರಿಯುವ ಮೂರು ಕೊಳವೆಗಳನ್ನು ಒಡೆಯಿತು. ಇಂಧನ ಸೋರಿದಾಗ ನಿಯಂತ್ರಕವು ದಹನಕೋಶದ ಒತ್ತಡವನ್ನು ಕಾಯ್ದುಕೊಳ್ಳಲು ಹೆಚ್ಚು ಆಮ್ಲಜನಕವನ್ನು ಹರಿಸಿತು. ಒತ್ತಡವೇನೋ ಸರಿಯಾಗಿಯೇ ಇತ್ತು, ಆದರೆ ಟರ್ಬೈನು ಹೆಚ್ಚು ಬಿಸಿಯಾಯಿತು, ಆಮ್ಲಜನಕ ಬೇಗ ಮುಗಿಯಿತು, ನೌಕೆ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದ ಕೊರತೆಯೊಂದಿಗೆ ಕಕ್ಷೆ ಸೇರಿತು. ಇಲ್ಲಿ ನಿಯಂತ್ರಣದ ದಕ್ಷತೆಯೇ ಗಾಯವನ್ನು ಮುಚ್ಚಿಟ್ಟಿತ್ತು. ನಿಯಂತ್ರಣ ಮತ್ತು ರೋಗಪತ್ತೆ ಎರಡನ್ನೂ ಬೇರೆಬೇರೆ ತಂಡಗಳು ಬೇರೆಬೇರೆಯಾಗಿ ವಿನ್ಯಾಸ ಮಾಡಬಾರದೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ: ಕವಾಟ ಎಷ್ಟು ದುಡಿಯುತ್ತಿದೆ ಎಂಬುದೇ ಎಂಜಿನ್ನಿನ ಆರೋಗ್ಯದ ಮುಖ್ಯ ಸುದ್ದಿ.

ನಿಯಂತ್ರಣ, ರೋಗಪತ್ತೆ ಎರಡನ್ನೂ ಒಂದೇ ಚೌಕಟ್ಟಿಗೆ ತರುವ ಆಲೋಚನೆಯನ್ನು 1980ರ ದಶಕದ ಕೊನೆಯಲ್ಲೇ ಕ್ಲೀವ್‌ಲ್ಯಾಂಡಿನ ನಾಸಾ ಲೂಯಿಸ್ ಸಂಶೋಧನಾ ಕೇಂದ್ರದಲ್ಲಿ ವಾಲ್ಟರ್ ಮೆರಿಲ್ ಮತ್ತು ಕಾರ್ಲ್ ಲೊರೆಂಜೊ ಮುಂದಿಟ್ಟಿದ್ದರು. ನೂಕುಬಲವನ್ನು ಏರಿಸುವ ವೇಗವನ್ನು ತುಸು ತಗ್ಗಿಸಿ ಟರ್ಬೈನ್ ಅಲಗುಗಳ ಆಯಸ್ಸನ್ನು ಉಳಿಸುವ ಲೆಕ್ಕಾಚಾರವೂ ಆ ಕಾಲದ ಚಿಂತನೆಯಿಂದಲೇ ಬೆಳೆಯಿತು. ಟರ್ಬೊಪಂಪಿನ ಕಂಪನವನ್ನು ಹಾರಾಟದಲ್ಲೇ ವಿಶ್ಲೇಷಿಸಿ ಎಂಜಿನ್ನನ್ನು ನಿಲ್ಲಿಸಬಲ್ಲ ವ್ಯವಸ್ಥೆ ಷಟಲ್ ಎಂಜಿನ್ನಿನಲ್ಲಿ ಬಳಕೆಗೆ ಬಂದದ್ದು 2007ರಲ್ಲಿ. ನಮ್ಮ ಬೆಂಗಳೂರಿನಲ್ಲಿರುವ ಇಸ್ರೋದ ದ್ರವ ನೋದನ ಕೇಂದ್ರದ ಘಟಕದಲ್ಲಿ ಒತ್ತಡ, ತಾಪಮಾನಗಳನ್ನು ಅಳೆಯುವ ಸಾಧನಗಳೇ ಒಂದು ಪ್ರಮುಖ ಕೆಲಸವೆಂಬುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ಈಗ ದತ್ತಾಂಶ ನೋಡಿ ತಾವೇ ಕಲಿಯುವ ನ್ಯೂರಲ್ ನೆಟ್‌ವರ್ಕ್‌ಗಳ ಉತ್ಸಾಹ ಜೋರಾಗಿದೆ. ಅವನ್ನು ನಾನು ಬೇಡವೆನ್ನುವುದಿಲ್ಲ, ಆದರೆ ಕೆಟ್ಟ ಎಂಜಿನ್‌ಗಳ ದತ್ತಾಂಶ ಕಲಿಕೆಗೆ ಸಾಕಾಗುವಷ್ಟು ಸಿಗುವುದಿಲ್ಲ, ಸಿಗಬಾರದು ಕೂಡ. ಆದ್ದರಿಂದ ನಿಲ್ಲಿಸುವ ಅಧಿಕಾರವನ್ನು ಸದ್ಯಕ್ಕೆ ಭೌತಿಕ ಮಾದರಿಯ ಕೈಯಲ್ಲೇ ಇಟ್ಟು, ಕಲಿತ ಯಂತ್ರವನ್ನು ಎಚ್ಚರಿಸುವ ಕೆಲಸಕ್ಕೆ ಬಳಸುವುದು ಸರಿ. ವಿನ್ಯಾಸವೊಂದು ನನ್ನ ಮೇಜಿಗೆ ಬಂದಾಗ ಮೊದಲು ಕೇಳುವುದೂ ಇಷ್ಟೇ: ಸುಸ್ಥಿತಿಯ ಎಂಜಿನ್ ಓಡುತ್ತಿರುವಾಗ ಒಂದೊಂದೇ ಸೆನ್ಸರಿನ ಸಂಕೇತವನ್ನು ಕೆಡಿಸಿ ನೋಡಿದ್ದೀರಾ, ಆಮೇಲೆ ಒಂದೇ ಬಗೆಯ ಎರಡನ್ನು ಒಟ್ಟಿಗೆ ಕೆಡಿಸಿ ನೋಡಿದ್ದೀರಾ?