ಗೋಡೆಗೆ ಒರಗಿ ಒಂದು ಕಾಲು ಎತ್ತಿ ನೋಡಿ

ಮೊದಲು ಒಂದು ಚಿಕ್ಕ ಕೆಲಸ. ಗೋಡೆಯ ಪಕ್ಕ ನಿಂತುಕೊಳ್ಳಿ. ಬಲ ಭುಜ ಗೋಡೆಗೆ ತಾಗಿರಲಿ. ಬಲ ಪಾದದ ಹೊರ ಅಂಚೂ ಗೋಡೆಗೆ ಒತ್ತಿಕೊಂಡಿರಲಿ. ಎರಡು ಪಾದಗಳ ನಡುವೆ ಒಂದು ಗೇಣು ಜಾಗ ಇರಲಿ. ಈಗ ಎಡಗಾಲನ್ನು ಮೇಲೆತ್ತಿ ಹಾಗೇ ಹಿಡಿದುಕೊಳ್ಳಿ.

ಆಗಲಿಲ್ಲ, ಅಲ್ವಾ? ಪಾದಕ್ಕೆ ಗೋಂದು ಹಚ್ಚಿದ ಹಾಗಿದೆ. ಕಾಲಿನಲ್ಲಿ ಶಕ್ತಿ ಇದೆ, ನೋವಿಲ್ಲ, ಯಾರೂ ಹಿಡಿದಿಲ್ಲ. ಆದರೂ ಕಾಲು ಮೇಲೇಳುವುದಿಲ್ಲ.

ನಿನ್ನ ಮೆಚ್ಚಿನ ಕಿಕ್‌ಬಾಕ್ಸರ್ ಯಾರು ಎಂದು ಕೇಳಿದವರನ್ನೆಲ್ಲ ನಾನು ಮೊದಲು ಹೀಗೆ ಗೋಡೆಗೆ ನಿಲ್ಲಿಸುತ್ತೇನೆ. ಅವರು ನಿರೀಕ್ಷಿಸಿದ್ದು ಒಂದು ಹೆಸರು, ಸಿಕ್ಕಿದ್ದು ವ್ಯಾಯಾಮ. ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಈ ಗೋಡೆ ಅರ್ಥವಾಗದೆ ನೆದರ್ಲೆಂಡ್ಸ್‌ನ ಎರ್ನೆಸ್ಟೊ ಹೋಸ್ಟ್ ಏಕೆ ದೊಡ್ಡವನು ಎಂದು ಹೇಳುವುದು ಕಷ್ಟ. ‘ಅವನ ಕಿಕ್ ಭಾರೀ ಜೋರು’ ಎಂದು ಹೇಳಿ ಮುಗಿಸಬಹುದು. ಜೋರಾಗಿ ಒದೆಯುವವರು ಬೇಕಾದಷ್ಟು ಜನ ಇದ್ದಾರೆ. ಜಪಾನಿನ ದೊಡ್ಡ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಾದ ಕೆ-1 ವಿಶ್ವ ಗ್ರ್ಯಾನ್ ಪ್ರೀಯನ್ನು ನಾಲ್ಕು ಸಲ, 1997, 1999, 2000 ಮತ್ತು 2002ರಲ್ಲಿ, ಗೆದ್ದವನು ಅವನು. ಸೆಮ್ಮಿ ಶಿಲ್ಟ್ ಎಂಬ ಕಿಕ್‌ಬಾಕ್ಸರ್ ಒಬ್ಬನನ್ನು ಬಿಟ್ಟರೆ ಇನ್ಯಾರಿಗೂ ಅದು ಆಗಲಿಲ್ಲ. ಶಿಲ್ಟ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಅವನು ನನ್ನ ವಾದಕ್ಕೆ ಸ್ವಲ್ಪ ತೊಂದರೆ ಕೊಡುವ ಮನುಷ್ಯ.

ಗೋಡೆಯ ಗುಟ್ಟು ಇಷ್ಟೇ. ಎರಡು ಕಾಲಿನ ಮೇಲೆ ನಿಂತಾಗ ದೇಹದ ತೂಕ ಎರಡು ಪಾದಗಳ ನಡುವೆ ಎಲ್ಲೋ ಬೀಳುತ್ತಿರುತ್ತದೆ. ಒಂದು ಕಾಲು ಎತ್ತಬೇಕಾದರೆ ಆ ತೂಕ ಪೂರ್ತಿಯಾಗಿ ಇನ್ನೊಂದು ಪಾದದ ಮೇಲೆ ಹೋಗಬೇಕು. ಅದಕ್ಕೆ ಸೊಂಟ, ಭುಜ ಆ ಕಡೆ ಚೂರು ವಾಲಬೇಕು. ಗೋಡೆ ವಾಲಲು ಬಿಡುವುದಿಲ್ಲ. ಇಬ್ಬರು ಒಂದು ಭಾರದ ಮೇಜನ್ನು ಹೊತ್ತಿದ್ದಾರೆ ಎಂದುಕೊಳ್ಳಿ. ಒಬ್ಬ ಕೈ ಬಿಡಬೇಕಾದರೆ ಇನ್ನೊಬ್ಬ ಮೊದಲು ಮಧ್ಯಕ್ಕೆ ಬಂದು ಪೂರ್ತಿ ಭಾರ ತೆಗೆದುಕೊಳ್ಳಬೇಕು. ಅಥವಾ ಸಾಲ ಎಂದುಕೊಳ್ಳಿ. ಕಾಲು ಎತ್ತುವುದಕ್ಕೆ ಮುಂಚೆ ತೂಕದ ಬಾಕಿ ಚುಕ್ತಾ ಆಗಬೇಕು, ಆಗದಿದ್ದರೆ ಕಾಲಿಗೆ ಬಿಡುಗಡೆಯಿಲ್ಲ. ಏಣಿ ಹತ್ತುವಾಗಲೂ ಹೀಗೆಯೇ. ಮೇಲಿನ ಮೆಟ್ಟಿಲಿನ ಕಾಲಿಗೆ ಭಾರ ಬೀಳದೆ ಕೆಳಗಿನ ಕಾಲು ಕದಲುವುದಿಲ್ಲ. ಹೋಲಿಕೆ ಸಾಕು ಅನ್ನಿಸಿದರೂ ಇನ್ನೊಂದು ಹೇಳದೆ ಇರಲಾರೆ. ನಾವು ನಡೆಯುವುದೇ ಈ ಸಾಲವನ್ನು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ದಾಟಿಸುತ್ತಾ.

ದೇಹ ಈ ಸಿದ್ಧತೆಯನ್ನು ನಮಗೆ ಗೊತ್ತಾಗದ ಹಾಗೆ, ಮೊದಲೇ ಮಾಡಿಕೊಳ್ಳುತ್ತದೆ. 1967ರಲ್ಲಿ ಬೆಲೆಂಕಿ, ಗುರ್ಫಿಂಕೆಲ್, ಪಾಲ್ಟ್ಸೆವ್ ಎಂಬ ಸೋವಿಯತ್ ವಿಜ್ಞಾನಿಗಳು ನಿಂತ ಜನರಿಗೆ ಕೈ ಎತ್ತಲು ಹೇಳಿ ಸ್ನಾಯುಗಳ ವಿದ್ಯುತ್ ಸಂಕೇತ ಅಳೆದರು. ಭುಜದ ಸ್ನಾಯು ಚುರುಕಾಗುವ ಮೊದಲೇ ಕಾಲಿನ ಸ್ನಾಯು ಎದ್ದು ಕೂತಿತ್ತು! ಕೈ ಎತ್ತಿದರೆ ದೇಹ ಆಚೀಚೆ ಆಗುತ್ತದೆ ಎಂದು ಮಿದುಳಿಗೆ ಮುಂಚೆಯೇ ಗೊತ್ತು, ಅದಕ್ಕೆ ಬುಡ ಗಟ್ಟಿ ಮಾಡಿಕೊಳ್ಳುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ. ಸ್ವಲ್ಪವೇ ಸಮಯ, ಆದರೆ ರಿಂಗಿನಲ್ಲಿ ಅದು ಬಹಳ ದುಬಾರಿ. ಕಣ್ಣಿಗೆ ಏನೋ ಕಂಡು ಕೈ ಅಲ್ಲಾಡುವುದಕ್ಕೇ ಸುಮಾರು 0.2 ಸೆಕೆಂಡು ಬೇಕು. ಅದರ ಮೇಲೆ ಈ ತೂಕದ ವ್ಯವಹಾರ ಬೇರೆ.

ಈಗ ಲೋ ಕಿಕ್‌ಗೆ ಬನ್ನಿ. ತೊಡೆಗೆ ಬರುವ ಕಿಕ್ ತಡೆಯುವ ಒಳ್ಳೆಯ ದಾರಿ ಎಂದರೆ ಆ ಕಾಲನ್ನೇ ಎತ್ತಿ, ಮಂಡಿ ಕೆಳಗಿನ ಗಟ್ಟಿ ಎಲುಬನ್ನು ಅಡ್ಡ ಕೊಡುವುದು. ಇದನ್ನು ‘ಚೆಕ್’ ಮಾಡುವುದು ಎನ್ನುತ್ತಾರೆ. ಕಾಲು ಹಗುರವಾಗಿದ್ದರೆ ಚೆಕ್ ಸುಲಭ. ಆ ಕಾಲಿನ ಮೇಲೆ ತೂಕ ಕೂತಿದ್ದರೆ ನೀವು ಗೋಡೆಯ ಪಕ್ಕ ನಿಂತ ಮನುಷ್ಯ. ಆಗ ಕಿಕ್ ತೊಡೆಯ ಹೊರಬದಿಯ ಸ್ನಾಯುವಿಗೆ ಬೀಳುತ್ತದೆ. ಹೊರಗೆ ಎದುರಾಳಿಯ ಎಲುಬು, ಒಳಗೆ ನಿಮ್ಮದೇ ತೊಡೆಯೆಲುಬು, ಮಧ್ಯೆ ಸ್ನಾಯು. ಅದು ಜಜ್ಜಿಹೋಗುತ್ತದೆ. ಒಳಗೇ ರಕ್ತ ಸೋರಿ ಊದಿಕೊಳ್ಳುತ್ತದೆ. ಮಂಡಿಯನ್ನು ನೇರ ಹಿಡಿಯುವ ಸ್ನಾಯುವೇ ಅದು. ಮೂರು ನಾಲ್ಕು ಸಲ ಹೀಗಾದರೆ ಎಂಥ ಧೈರ್ಯವಂತನ ಕಾಲೂ ಅವನ ಮಾತು ಕೇಳುವುದಿಲ್ಲ.

ಕೆಲವು ತಿಂಗಳು ಕಲಿಯಲು ಹೋಗಿದ್ದಾಗ ನನಗೂ ಒಂದು ಬಿದ್ದಿತ್ತು. ಒದ್ದವನು ಅರ್ಧ ಬಲವನ್ನೂ ಹಾಕಿರಲಿಲ್ಲ. ನಾನು ಉತ್ಸಾಹದಲ್ಲಿ ಮುಂದೆ ಬಾಗಿ ಪಂಚ್ ಮಾಡುತ್ತಿದ್ದೆ, ಪೂರ್ತಿ ತೂಕ ಮುಂದಿನ ಕಾಲಿನ ಮೇಲಿತ್ತು. ಆ ಹೊತ್ತಿಗೆ ನಕ್ಕುಬಿಟ್ಟೆ. ಮಾರನೇ ದಿನ ಮೆಟ್ಟಿಲು ಇಳಿದದ್ದು ಹಿಮ್ಮುಖವಾಗಿ, ಕಟಕಟೆ ಹಿಡಿದುಕೊಂಡು.

ಹೋಸ್ಟ್‌ನ ಪ್ರಶ್ನೆ ಒಂದೇ: ಎದುರಾಳಿಯನ್ನು ಇಲ್ಲದ ಗೋಡೆಗೆ ನಿಲ್ಲಿಸುವುದು ಹೇಗೆ? ಅವನ ಪ್ರಸಿದ್ಧ ಜೋಡಣೆ ನೋಡಿ. ಎಡಗೈ ಹುಕ್, ಅಂದರೆ ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸುವ ಏಟು, ಹಿಂದೆಯೇ ಬಲಗಾಲಿನ ಲೋ ಕಿಕ್. ಎಡಗೈ ಹುಕ್ ಎದುರಾಳಿಯನ್ನು ಅವನ ಎಡಕ್ಕೆ ತಳ್ಳುತ್ತದೆ. ಬೀಳದೆ ಇರಲು ಅವನು ಎಡಗಾಲನ್ನು ಊರಲೇಬೇಕು. ಊರಿದ ಆ ಕಾಲಿಗೇ, ಹೊರಗಿನಿಂದ, ಹೋಸ್ಟ್‌ನ ಬಲಗಾಲು ಬರುತ್ತದೆ. ಹುಕ್ ಹೊಡೆಯುವಾಗ ಹೋಸ್ಟ್‌ನ ಸೊಂಟ ಬಲಕ್ಕೆ ತಿರುಗಿರುತ್ತದೆ, ಬಲಗಾಲಿನ ಕಿಕ್‌ಗೆ ಅದು ಎಡಕ್ಕೆ ತಿರುಗಬೇಕು. ಅಂದರೆ ಹುಕ್ ಹೊಡೆಯುತ್ತಲೇ ಕಿಕ್‌ಗೆ ಸ್ಪ್ರಿಂಗ್ ಸುತ್ತಿಯಾಗಿದೆ. ಒಂದೇ ಏಟು, ಎರಡು ಕೆಲಸ: ಅವನ ಕಾಲಿಗೆ ಬೀಗ, ತನ್ನ ಕಾಲಿಗೆ ಕೀಲಿ. ಅವನನ್ನು ‘ಮಿಸ್ಟರ್ ಪರ್ಫೆಕ್ಟ್’ ಎಂದು ಸುಮ್ನೆ ಕರೆಯಲಿಲ್ಲ.

ಈ ವಿದ್ಯೆ ನೆದರ್ಲೆಂಡ್ಸ್‌ಗೆ ಬಂದ ದಾರಿಯೂ ಮಜವಾಗಿದೆ. 1964ರಲ್ಲಿ ಕೆಂಜಿ ಕುರೊಸಾಕಿ ಎಂಬ ಜಪಾನಿ ಕರಾಟೆ ಗುರು ಥಾಯ್ಲೆಂಡಿಗೆ ಹೋಗಿ ಅಲ್ಲಿನ ಬಾಕ್ಸರ್ ಎದುರು ಸೋತ. ಅವಮಾನ ಎಂದು ಮುಚ್ಚಿಡಲಿಲ್ಲ, ಕೂತು ಕಲಿತ. ಟೋಕಿಯೋದ ಅವನ ಮೆಜಿರೊ ಜಿಮ್‌ನಿಂದ ಬಂದ ತೊಶಿಯೊ ಫುಜಿವಾರ 1978ರಲ್ಲಿ ಬ್ಯಾಂಕಾಕಿನ ರಾಜಾದಮ್ನೆರ್ನ್ ಸ್ಟೇಡಿಯಂ ಪಟ್ಟ ಗೆದ್ದ ಮೊದಲ ವಿದೇಶಿಯಾದ. ಅದೇ ವರ್ಷ, ಕುರೊಸಾಕಿ ಹತ್ತಿರ ಕಲಿತ ಯಾನ್ ಪ್ಲಾಸ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದೇ ಹೆಸರಿನ ಜಿಮ್ ತೆರೆದ. ಥಾಯ್ ಕಾಲು, ಬಾಕ್ಸಿಂಗ್ ಕೈ, ಎರಡೂ ಅಲ್ಲಿ ಬೆರೆತವು. ಆ ಜಿಮ್‌ನಿಂದ ಹೊರಬಂದ ರಾಬ್ ಕಾಮನ್‌ಗೆ ಜನ ಇಟ್ಟ ಹೆಸರೇ ‘ಮಿಸ್ಟರ್ ಲೋ ಕಿಕ್’.

ಅಮೆರಿಕದಲ್ಲಿ ಮಾತ್ರ ಬೇರೆ ಕಥೆ. ಅಲ್ಲಿನ ನಿಯಮದಲ್ಲಿ ಸೊಂಟದ ಕೆಳಗೆ ಒದೆಯುವ ಹಾಗಿರಲಿಲ್ಲ. 1988ರಲ್ಲಿ ಲಾಸ್ ವೇಗಸ್‌ನಲ್ಲಿ ರಿಕ್ ರೂಫಸ್ ಎಂಬ ಅಮೆರಿಕನ್ ಚಾಂಪಿಯನ್ ಎದುರು ಚಾಂಗ್‌ಪುಯೆಕ್ ಎಂಬ ಥಾಯ್ ಬಾಕ್ಸರ್ ನಿಂತ. ಮೊಣಕೈ ಏಟು ಇಲ್ಲ, ಮಂಡಿ ಏಟು ಇಲ್ಲ, ಲೋ ಕಿಕ್‌ಗೆ ಮಾತ್ರ ಒಪ್ಪಿಗೆ. ಮೊದಲ ರೌಂಡಿನಲ್ಲೇ ರೂಫಸ್ ಅವನ ದವಡೆ ಮುರಿದ. ಎರಡು ಸಲ ನೆಲಕ್ಕೆ ಕೆಡವಿದ. ಪಂದ್ಯ ಮುಗಿಯಿತು ಎಂದೇ ಎಲ್ಲರ ಎಣಿಕೆ. ಚಾಂಗ್‌ಪುಯೆಕ್ ಎದ್ದು ಬಂದು ತೊಡೆಗೆ ಒದ್ದ. ಮತ್ತೆ ಒದ್ದ. ಮುಖದಲ್ಲಿ ಕೋಪವಿಲ್ಲ, ಅವಸರವಿಲ್ಲ, ಸೌದೆ ಸೀಳುವವನ ಹಾಗೆ. ಪಂಚ್ ಮಾಡಲು ರೂಫಸ್ ಕಾಲೂರಿದಾಗಲೆಲ್ಲ ಆ ಕಾಲಿಗೇ ಏಟು. ನಾಲ್ಕನೇ ರೌಂಡಿನಲ್ಲಿ ರೂಫಸ್‌ಗೆ ನಿಲ್ಲಲು ಆಗಲಿಲ್ಲ, ಸ್ಟ್ರೆಚರ್ ಮೇಲೆ ಹೊರಗೆ ಒಯ್ದರು. ಮುಂದೆ ರೂಫಸ್ ತಾನೂ ಲೋ ಕಿಕ್ ಕಲಿತ, ಅವನ ತಮ್ಮ ಥಾಯ್ ಶೈಲಿಯ ಹೆಸರಾಂತ ಕೋಚ್ ಆದ. ನನ್ನ ಲೆಕ್ಕದಲ್ಲಿ ಕಿಕ್‌ಬಾಕ್ಸಿಂಗ್ ಇತಿಹಾಸದ ಅತಿ ಒಳ್ಳೆಯ ಪಾಠ ಆ ನಾಲ್ಕು ರೌಂಡು. ಪಟ್ಟಿಗಳಲ್ಲಿ ಚಾಂಗ್‌ಪುಯೆಕ್ ಹೆಸರು ಅಷ್ಟಾಗಿ ಬರುವುದಿಲ್ಲ. ನನ್ನ ಪಟ್ಟಿಯಲ್ಲಿ ಇದ್ದಾನೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಏಕೆಂದರೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಥಾಯ್ ಬಾಕ್ಸರ್‌ಗಳು ಮಂಡಿ ಕೆಳಗಿನ ಎಲುಬಿನ ಮೇಲೆ ಬಾಟಲಿ ಉರುಳಿಸಿ, ಮರಕ್ಕೆ ಒದ್ದು ‘ನರ ಸಾಯಿಸಿಕೊಳ್ಳುತ್ತಾರೆ’ ಎಂಬ ನಂಬಿಕೆ. ಹುಡುಗರು ಇದನ್ನು ನಂಬಿ ಮನೆಯಲ್ಲಿ ಬಾಟಲಿ ಹಿಡಿದು ಕೂರುತ್ತಾರೆ. ದಯವಿಟ್ಟು ಬೇಡ. ನರ ಸತ್ತರೆ ಅದು ಕಾಯಿಲೆ, ವಿದ್ಯೆಯಲ್ಲ. ಗಟ್ಟಿಯಾಗುವುದು ಎಲುಬು. ಭಾರ ಬಿದ್ದ ಕಡೆ ಎಲುಬು ತನ್ನನ್ನು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ ಎಂದು ಜರ್ಮನ್ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದ. ಟೆನಿಸ್ ಆಟಗಾರರಲ್ಲಿ ರ‍್ಯಾಕೆಟ್ ಹಿಡಿಯುವ ಕೈಯ ಎಲುಬು ಇನ್ನೊಂದಕ್ಕಿಂತ ದಪ್ಪ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇದ್ದವರ ಎಲುಬು ಸವೆಯುತ್ತದೆ, ಏಕೆಂದರೆ ಅಲ್ಲಿ ಭಾರವೇ ಇಲ್ಲ. ವರ್ಷಗಟ್ಟಲೆ ದಪ್ಪ ಬ್ಯಾಗಿಗೆ ಒದ್ದರೆ ಎಲುಬು ಗಟ್ಟಿಯಾಗುತ್ತದೆ, ಮಿದುಳು ಆ ನೋವಿಗೆ ಹೊಂದಿಕೊಳ್ಳುತ್ತದೆ. ಬಾಟಲಿಯಿಂದ ಸಿಗುವುದು ಬಾವು.

ಸರಿ, ಬೀಗ ಹಾಕುವವರ ಮಾತಾಯಿತು. ಬೀಗಕ್ಕೇ ಸಿಗದವನೂ ಒಬ್ಬನಿದ್ದಾನೆ. ಜಾರ್ಜಿಯೊ ಪೆಟ್ರೋಸ್ಯಾನ್, ಅರ್ಮೇನಿಯಾದಲ್ಲಿ ಹುಟ್ಟಿ ಇಟಲಿಯಲ್ಲಿ ಬೆಳೆದ ಎಡಚ. ಕಡಿಮೆ ತೂಕದವರ ಸ್ಪರ್ಧೆಯಾದ ಕೆ-1 ಮ್ಯಾಕ್ಸ್ ಅನ್ನು 2009, 2010ರಲ್ಲಿ ಸಾಲಾಗಿ ಗೆದ್ದ. ಅವನ ಪಂದ್ಯಗಳು ಬೋರ್ ಎನ್ನುವವರಿದ್ದಾರೆ. ಅವರು ಅವನ ಕೈ ನೋಡುತ್ತಾರೆ, ಪಾದ ನೋಡುವುದಿಲ್ಲ. ಹೊಡೆದ ತಕ್ಷಣ ಅರ್ಧ ಹೆಜ್ಜೆ ಹಿಂದೆ ಅಥವಾ ಪಕ್ಕಕ್ಕೆ. ಎದುರಾಳಿಯ ಉತ್ತರ ಬರುವ ಹೊತ್ತಿಗೆ ಅವನ ತೂಕ ಮತ್ತೆ ಮಧ್ಯಕ್ಕೆ ಬಂದಿರುತ್ತದೆ, ಎರಡು ಕಾಲೂ ಸಾಲಮುಕ್ತ. ಅವನ ಅಡ್ಡಹೆಸರು ‘ಡಾಕ್ಟರ್’. 2013ರಲ್ಲಿ ನ್ಯೂಯಾರ್ಕ್‌ನಲ್ಲಿ ಆಂಡಿ ರಿಸ್ಟಿ ಅವನನ್ನು ಮಲಗಿಸಿದಾಗ ಡಾಕ್ಟರರೂ ಮನುಷ್ಯರೇ ಎಂದು ಗೊತ್ತಾಯಿತು.

ನೆದರ್ಲೆಂಡ್ಸ್‌ನ ರಾಮೋನ್ ಡೆಕ್ಕರ್ಸ್ ಇದಕ್ಕೆ ಪೂರ್ತಿ ಉಲ್ಟಾ. ಸಾಲ ಎಷ್ಟಾದರೂ ಆಗಲಿ, ಮುಂದೆ ನುಗ್ಗುವುದೇ. ಕೋಬಾನ್ ಎಂಬ ಥಾಯ್ ದಿಗ್ಗಜನ ಜೊತೆ ನಾಲ್ಕು ಸಲ ಆಡಿ ಎರಡು ಸೋತು ಎರಡು ಗೆದ್ದ. ಸೋಲು ಅವನಿಗೆ ಹೊಸದಲ್ಲ, ಥಾಯ್ಲೆಂಡಿನ ಜನ ಆದರೂ ಅವನನ್ನು ತಲೆ ಮೇಲೆ ಹೊತ್ತುಕೊಂಡರು. 2013ರಲ್ಲಿ ಸೈಕಲ್ ತುಳಿಯುವಾಗ ಹೃದಯಾಘಾತವಾಗಿ ತೀರಿಕೊಂಡ. ವಯಸ್ಸು 43.

ಸ್ವಿಟ್ಜರ್ಲೆಂಡಿನ ಆಂಡಿ ಹುಗ್ ಬೀಗ ಒಡೆಯುವ ಬದಲು ಕಿಟಕಿಯಿಂದ ಬರುವವನು. ಕಿಕ್ ಎಂದರೆ ಪಕ್ಕದಿಂದ ಬರುತ್ತದೆ ಎಂದು ಎಲ್ಲರ ಗಾರ್ಡ್, ಅಂದರೆ ಅಡ್ಡ ಹಿಡಿದ ಕೈ, ಪಕ್ಕಕ್ಕೆ ಇರುತ್ತದೆ. ಅವನು ಕಾಲನ್ನು ನೆತ್ತಿಯ ಮೇಲಕ್ಕೆ ಒಯ್ದು ಹಿಮ್ಮಡಿಯನ್ನು ಕೊಡಲಿಯ ಹಾಗೆ ಕೆಳಕ್ಕೆ ಬಿಡುತ್ತಿದ್ದ. 1996ರ ಗ್ರ್ಯಾನ್ ಪ್ರೀ ಫೈನಲ್‌ನಲ್ಲಿ ಇನ್ನೂ ವಿಚಿತ್ರ: ಗರ್ರನೆ ತಿರುಗಿ ಹಿಮ್ಮಡಿಯಿಂದ ಮೈಕ್ ಬರ್ನಾರ್ಡೊನ ತೊಡೆಗೆ ಒದ್ದ. ತಿರುಗಿ ಒದೆಯುವವರು ತಲೆಗೇ ಗುರಿ ಇಡುತ್ತಾರೆ ಎಂಬ ಲೆಕ್ಕ ತಲೆಕೆಳಗಾಯಿತು. 2000ದ ಆಗಸ್ಟ್‌ನಲ್ಲಿ, 35ನೇ ವಯಸ್ಸಿಗೆ, ರಕ್ತದ ಕ್ಯಾನ್ಸರ್ ಅವನನ್ನು ಟೋಕಿಯೋದಲ್ಲಿ ಕೊಂಡೊಯ್ದಿತು.

ಇನ್ನು ತೊಂದರೆಯ ಮನುಷ್ಯ. ಬರೀ ಗಾತ್ರ ಏನೂ ಅಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. 2002ರಲ್ಲಿ, ಸುಮಾರು 170 ಕಿಲೋ ತೂಗುತ್ತಿದ್ದ ಬಾಬ್ ಸ್ಯಾಪ್ ಎದುರು ಹೋಸ್ಟ್ ಎರಡು ಸಲ ಸೋತ. ಎರಡನೇ ಸಲ, ಗ್ರ್ಯಾನ್ ಪ್ರೀಯಲ್ಲಿ, ಗೆದ್ದ ಸ್ಯಾಪ್ ಕೈ ಮುರಿದುಕೊಂಡಿದ್ದರಿಂದ ಹೋಸ್ಟ್‌ಗೆ ಮತ್ತೆ ಅವಕಾಶ ಸಿಕ್ಕಿ, ಆ ರಾತ್ರಿ ಅವನೇ ಚಾಂಪಿಯನ್ ಆದ. ಸೆಮ್ಮಿ ಶಿಲ್ಟ್ ಎತ್ತರ 2.12 ಮೀಟರ್. 2005ರಿಂದ ಮೂರು ವರ್ಷ ಸಾಲಾಗಿ, ಮತ್ತೆ 2009ರಲ್ಲಿ ಗ್ರ್ಯಾನ್ ಪ್ರೀ ಗೆದ್ದ. ದೂರದಿಂದಲೇ ಪಾದದಿಂದ ತಳ್ಳಿ, ಮುಂದಿನ ಕೈಯಿಂದ ನೇರ ಏಟು (ಜ್ಯಾಬ್) ಹಾಕಿ, ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಹತ್ತಿರ ಹೋಗದೆ ಬೀಗ ಹಾಕುವುದು ಹೇಗೆ?

2010ರ ಸೆಮಿಫೈನಲ್‌ನಲ್ಲಿ ಪೀಟರ್ ಆರ್ಟ್ಸ್ ಉತ್ತರ ಹುಡುಕಿದ. ಅವನಿಗೆ ಆಗ 40 ವರ್ಷ. 1994, 1995, 1998ರ ಚಾಂಪಿಯನ್, ಒಳ್ಳೆಯ ದಿನಗಳು ಕಳೆದುಹೋದವು ಎಂದು ಎಲ್ಲರೂ ಬರೆದಿದ್ದರು. ಗಂಟೆ ಹೊಡೆದದ್ದೇ ತಡ, ಆರ್ಟ್ಸ್ ನೇರ ಶಿಲ್ಟ್ ಎದೆಗೆ ನುಗ್ಗಿದ. ನಿಲ್ಲಿಸಲೇ ಇಲ್ಲ. ಹಿಂದೆ ಹಿಂದೆ ಸರಿಯುವವನ ಎರಡು ಕಾಲಿಗೂ ಹೆಜ್ಜೆ ಇಡುವ ಕೆಲಸವೇ ಸಾಕು. ಒಂದರ ಮೇಲೆ ಪೂರ್ತಿ ತೂಕ ಊರಿ ಇನ್ನೊಂದನ್ನು ಎತ್ತಲು ಬಿಡುವೆಲ್ಲಿ? ಉದ್ದ ಕಾಲುಗಳು ಇದ್ದವು, ಎತ್ತಲು ಪುರುಸೊತ್ತಿರಲಿಲ್ಲ. ಆರ್ಟ್ಸ್ ಕಣ್ಣು ಊದಿಕೊಂಡಿತು, ಆದರೂ ತಳ್ಳುತ್ತಲೇ ಹೋದ. ತೀರ್ಪು ಅವನ ಕಡೆ ಬಂತು.

ಸ್ವಲ್ಪ ಹೊತ್ತಿಗೆ ಫೈನಲ್. ಸುಸ್ತಾಗಿದ್ದ ಆರ್ಟ್ಸ್‌ನನ್ನು ಅಲಿಸ್ಟೇರ್ ಓವರೀಮ್ ಮೊದಲ ರೌಂಡಿನಲ್ಲೇ ಮುಗಿಸಿದ. ಆ ಫೈನಲ್ ಅನ್ನು ನಾನು ಒಂದೇ ಸಲ ನೋಡಿದ್ದು. ಸೆಮಿಫೈನಲ್ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಈಗೀಗ ಬರೀ ಶಿಲ್ಟ್‌ನ ಪಾದ ನೋಡುತ್ತಾ.