ಕ್ಯಾಂಪಸ್ ಪತ್ರಿಕೆಯಲ್ಲಿ ನಿಜಕ್ಕೂ ಯಾರಿದ್ದರು?

ಸುವರ್ಣ ಮಹೋತ್ಸವವೋ ಅಮೃತ ಮಹೋತ್ಸವವೋ ಹತ್ತಿರ ಬಂತೆಂದರೆ ಧಾರವಾಡದ ಕಾಲೇಜು, ವಿಭಾಗಗಳಲ್ಲಿ ಒಂದು ಪಟ್ಟಿ ತಯಾರಾಗುತ್ತದೆ: ನಮ್ಮ ವಿದ್ಯಾರ್ಥಿ ಪತ್ರಿಕೆಯಲ್ಲಿದ್ದು ಮುಂದೆ ಹೆಸರಾದವರು. ಒಂದು ಸ್ಮರಣ ಸಂಚಿಕೆಯಿಂದ ಇನ್ನೊಂದಕ್ಕೆ ಪಟ್ಟಿ ಉದ್ದವಾಗುತ್ತದೆಯೇ ಹೊರತು ಗಿಡ್ಡಾಗುವುದಿಲ್ಲ. ಅವರು ಕೆಲಸ ಮಾಡಿದ ಸಂಚಿಕೆ ತೋರಿಸಿ ಎಂದರೆ ಮಾತ್ರ ಎಲ್ಲರೂ ಕಪಾಟಿನ ಕೀಲಿ ಹುಡುಕುತ್ತಾರೆ.

ಗೊಂದಲಕ್ಕೆ ಮೊದಲ ಕಾರಣ ಊರೇ. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು, 1922ರಲ್ಲಿ ಆಲೂರ ವೆಂಕಟರಾಯರ ‘ಜಯಕರ್ನಾಟಕ’, 1949ರಲ್ಲಿ ವಿಶ್ವವಿದ್ಯಾಲಯ. ಇಷ್ಟು ಒತ್ತೊತ್ತಾಗಿ ಪತ್ರಿಕೆ ಮತ್ತು ಪಾಠ ಬೆಳೆದ ಕಡೆ ಯಾವುದು ಕ್ಯಾಂಪಸ್ಸಿನದು, ಯಾವುದು ಹೊರಗಿನದು ಎಂಬುದು ಕಲಸಿಹೋಗುವುದು ಸಹಜ. 1964ರಲ್ಲಿ ಚಂದ್ರಶೇಖರ ಪಾಟೀಲ (ಚಂಪಾ), ಸಿದ್ಧಲಿಂಗ ಪಟ್ಟಣಶೆಟ್ಟಿ, ಗಿರಡ್ಡಿ ಗೋವಿಂದರಾಜ ಸೇರಿ ‘ಸಂಕ್ರಮಣ’ ಆರಂಭಿಸಿದರು. ಮೂವರೂ 1939ರಲ್ಲಿ ಹುಟ್ಟಿದವರು. ಚಂಪಾ ಹಾವೇರಿ ಕಡೆಯ ಹತ್ತಿಮತ್ತೂರಿನವರು, ಗಿರಡ್ಡಿ ಗದಗಿನ ಅಬ್ಬಿಗೇರಿಯವರು. ಅದು ತರುಣರ ಸ್ವಂತ ಸಾಹಿತ್ಯ ಪತ್ರಿಕೆ, ವಿಶ್ವವಿದ್ಯಾಲಯದ ಪ್ರಕಟಣೆಯಲ್ಲ. ಹುಬ್ಬಳ್ಳಿಯಲ್ಲಿ ಪಾಟೀಲ ಪುಟ್ಟಪ್ಪನವರು ನಡೆಸಿದ ‘ಪ್ರಪಂಚ’ವೂ ಹಾಗೆಯೇ. ಇಂಥ ಹೆಸರುಗಳನ್ನು ವಿದ್ಯಾರ್ಥಿ ಪತ್ರಿಕೆಯ ಲೆಕ್ಕಕ್ಕೆ ಸೇರಿಸಿಕೊಂಡರೆ ಅದು ಅಭಿಮಾನವಾದೀತು, ಚರಿತ್ರೆಯಾಗದು.

ಅಮೆರಿಕದ ವಿದ್ಯಾರ್ಥಿ ಪತ್ರಿಕೆಗಳ ಉದಾಹರಣೆ ಕೊಡುವವರಿದ್ದಾರೆ. ಹಾರ್ವರ್ಡ್‌ನ ‘ಕ್ರಿಮ್ಸನ್’ಗೆ (1873) ಮುಂದೆ ಆ ದೇಶದ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್ವೆಲ್ಟ್ ಮುಖ್ಯಸ್ಥರಾಗಿದ್ದರು, ಕಾರ್ನೆಲ್‌ನ ‘ಡೈಲಿ ಸನ್’ನಲ್ಲಿ (1880) ಮುಂದೆ ಲೇಖಕರಾಗಿ ಹೆಸರಾದ ಇ.ಬಿ. ವೈಟ್, ಕರ್ಟ್ ವಾನೆಗಟ್ ಕೆಲಸ ಮಾಡಿದ್ದರು. ಅಲ್ಲಿ ಹಳೆಯ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ ಇಟ್ಟಿರುವುದರಿಂದ ವಾದವೇ ಏಳುವುದಿಲ್ಲ.

ಎರಡನೆಯ ಕಾರಣ ‘ಪತ್ರಿಕೆಯಲ್ಲಿದ್ದರು’ ಎಂಬ ಮಾತು. ಪತ್ರಿಕೋದ್ಯಮ ವಿಭಾಗಗಳ ಪ್ರಾಯೋಗಿಕ ಪತ್ರಿಕೆ ಪಠ್ಯದ ಭಾಗ, ಅದಕ್ಕೆ ಅಂಕಗಳಿವೆ. ಅಂದಮೇಲೆ ಆ ಬ್ಯಾಚಿನ ಪ್ರತಿಯೊಬ್ಬರೂ ಸಂಪಾದಕ ಬಳಗವೇ. ಸಂಪಾದಕತ್ವ ಸಂಚಿಕೆಗೊಬ್ಬರಂತೆ ಸರದಿಯಲ್ಲಿ ಬರುತ್ತದೆ. ಕೊನೆಯ ಪುಟದ ಅಡಿಸಾಲಿನಲ್ಲಿ ಸಂಪಾದಕರೆಂದು ಬರುವುದು ಸಾಮಾನ್ಯವಾಗಿ ವಿಭಾಗದ ಮುಖ್ಯಸ್ಥರ ಹೆಸರು. ಹುಡುಗರ ಹೆಸರು ಒಳಪುಟದ ಚೌಕಟ್ಟಿನಲ್ಲಿ. ಜಾಹೀರಾತು ಬಂದರೆ ಮೊದಲು ಹಾರುವುದೂ ಆ ಚೌಕಟ್ಟೇ. ಸುದ್ದಿಯ ತಲೆಯ ಮೇಲೆ ‘ನಮ್ಮ ಪ್ರತಿನಿಧಿಯಿಂದ’ ಎಂದಷ್ಟೇ ಇರುತ್ತದೆ.

ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಮತ್ತೆ ಖಾನೆಗೆ ಹಾಕುತ್ತಿದ್ದರು, ಉಳಿಯುತ್ತಿದ್ದುದು ಕಾಗದ ಮಾತ್ರ. ನ್ಯೂಸ್‌ಪ್ರಿಂಟ್ ಹಳದಿಯಾಗಿ ಮಡಿಕೆಯಲ್ಲೇ ಮುರಿಯುತ್ತದೆ, ಪಿನ್ನು ತುಕ್ಕು ಹಿಡಿದು ಅಂಚು ತಿನ್ನುತ್ತದೆ. ನೋಂದಾಯಿತ ಪತ್ರಿಕೆಗಳಾದರೆ ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆಯ 1956ರ ತಿದ್ದುಪಡಿಯಂತೆ ನಿಗದಿಯಾದ ಸಾರ್ವಜನಿಕ ಗ್ರಂಥಾಲಯಗಳಿಗೆ ಪ್ರತಿ ಕಳಿಸಬೇಕು. ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಹಾಕಿಕೊಂಡವು ಆ ಗೋಜಿಗೆ ಹೋಗಲಿಲ್ಲ.

ಹೆಚ್ಚು ನಷ್ಟವಾದದ್ದು, ವಿಚಿತ್ರವೆಂದರೆ, ಕಂಪ್ಯೂಟರ್ ಬಂದ ಮೇಲೆ. ಪೇಜ್‌ಮೇಕರ್ ತಂತ್ರಾಂಶದಲ್ಲಿ ನಾಲ್ಕು ಪುಟ ಕಟ್ಟಿ, ಟ್ರೇಸಿಂಗ್ ಕಾಗದದ ಮೇಲೆ ಪ್ರತಿ ತೆಗೆದು, ಪ್ರೆಸ್ಸಿಗೆ ಕೊಟ್ಟು, ಫೈಲನ್ನು 1.44 ಎಂಬಿ ಫ್ಲಾಪಿಗೋ ಸೀಡಿಗೋ ಹಾಕಿಡುತ್ತಿದ್ದರು. ಫಾಂಟನ್ನು ಜತೆಗೆ ಇಡುತ್ತಿರಲಿಲ್ಲ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ, ಏಕೆಂದರೆ ಅಂದಿನ ನುಡಿ, ಬರಹ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂಡಿಸಿದ್ದರು. ಫಾಂಟ್ ಅಡಕವಾದ ಪಿಡಿಎಫ್ ಇದ್ದರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಹೆಸರು ಟೈಪಿಸಿ ಹುಡುಕಿದರೆ ಏನೂ ಸಿಗುವುದಿಲ್ಲ.

ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡಿಗೆ ಬದಲಿಸಬಹುದು, ಎಡವುವುದು ಅರ್ಕಾವತ್ತಿನಲ್ಲಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರವಾದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಈ ಸ್ಥಾನ ತಿರುಗಿಸದಿದ್ದರೆ ಕರ್ನಾಟಕ ‘ಕನಾರ್ಟಕ’ವಾಗುತ್ತದೆ. ಕುಲಕರ್ಣಿ ಎಂಬ ಅಡ್ಡಹೆಸರು ‘ಕುಲಕಣಿರ್’ ಆಗಿ ಕೂಡುತ್ತದೆ, ಧಾರವಾಡದಲ್ಲಿ ಆ ಅಡ್ಡಹೆಸರಿನವರು ಎಷ್ಟು ಮಂದಿ! ಹೀಗಾಗಿ ಪರಿವರ್ತನೆಯಾದ ಮೇಲೆ ಅರ್ಕಾವತ್ತಿರುವ ಹೆಸರುಗಳನ್ನು ಮೂಲ ಪುಟದೊಂದಿಗೆ ಕಣ್ಣಿನಿಂದಲೇ ತಾಳೆ ನೋಡಬೇಕು. ಬೇರೆ ದಾರಿಯಿಲ್ಲ.

ಪಟ್ಟಿಗೆ ಒಂದು ಹೆಸರು ಸೇರಿಸುವ ಮೊದಲು ಮೂರು ಕಡೆ ನೋಡಿದರೆ ಸಾಕು: ಸಂಚಿಕೆಯ ಚೌಕಟ್ಟು, ಆ ವರ್ಷದ ಪ್ರವೇಶ ದಾಖಲೆ, ಸಹಿಯಿರುವ ಒಂದಾದರೂ ಬರಹ. ಮೊದಲನೆಯದಿಲ್ಲದೆ ಉಳಿದೆರಡಿದ್ದರೆ ‘ಬರೆದಿದ್ದರು’ ಎನ್ನಬಹುದು, ‘ಸಂಪಾದಕರಾಗಿದ್ದರು’ ಎನ್ನುವಂತಿಲ್ಲ. ಕಾವ್ಯನಾಮವಿದ್ದರೆ ಅದು ಯಾರದೆಂದು ಅದೇ ಬ್ಯಾಚಿನ ಇಬ್ಬರು ಬೇರೆಬೇರೆಯಾಗಿ ಹೇಳಬೇಕು. ಹೀಗೆ ಮಾಡಿದರೆ ಹೆಸರಾಂತರು ಕಡಿಮೆಯಾಗುತ್ತಾರೆ. ಪುರವಣಿ ಪುಟ ಕಟ್ಟಿ, ಪ್ರೂಫ್ ತಿದ್ದಿ, ಮುಂದೆ ಗದಗದಲ್ಲೋ ಹಾವೇರಿಯಲ್ಲೋ ಮಾಸ್ತರರಾದವರು ಹೆಚ್ಚುತ್ತಾರೆ. ಪಟ್ಟಿ ಮಾಡುವವರಿಗೆ ಇದು ಅಷ್ಟೇನೂ ರುಚಿಸುವುದಿಲ್ಲ.

ಈಗಿನ ಸಂಚಿಕೆಗಳು ಯೂನಿಕೋಡಿನಲ್ಲೇ ಸಿದ್ಧವಾಗಿ ವಾಟ್ಸಾಪ್‌ನಲ್ಲಿ ಹಂಚಿಕೆಯಾಗುವುದುಂಟು. ಸುದ್ದಿಯನ್ನು ಹುಡುಕಿದರೆ ಸಿಗುತ್ತದೆ. ಬಳಗದ ಹೆಸರುಗಳಿರುವ ಚೌಕಟ್ಟನ್ನು ಅಂದಕ್ಕೆಂದು ಚಿತ್ರವಾಗಿಸಿ ಅಂಟಿಸಿದರೆ ಮಾತ್ರ ಮತ್ತೆ ಅದೇ ಕಥೆ: ಪುಟದಲ್ಲಿ ಹೆಸರಿರುತ್ತದೆ, ಹುಡುಕಿದರೆ ಇರುವುದಿಲ್ಲ. ಆ ಒಂದು ಚೌಕಟ್ಟನ್ನು ಅಕ್ಷರವಾಗಿ ಟೈಪಿಸಲು ಐದು ನಿಮಿಷ ಬೇಕಾಗಬಹುದು.